ಬಿಸಿಲೂರಿನಲ್ಲಿ ಬಾಯಾರುವ ಕಾಂಕ್ರೀಟ್

ರಾಯಚೂರಿಗೆ ಎರಡೇ ಋತು, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಊರಿನವರೇ ತಮಾಷೆ ಮಾಡುವುದುಂಟು. ಏಪ್ರಿಲ್ ಕೊನೆಯಲ್ಲಿ ಇಲ್ಲಿನ ಜಂಕ್ಷನ್ನಿನಲ್ಲಿ ರೈಲು ಇಳಿದವರಿಗೆ ಅದು ತಮಾಷೆ ಎನಿಸುವುದಿಲ್ಲ. ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಕುಳಿತೂ ಬಾಯಾರುವ ಸೀಮೆ ಇದು. ಪಾದರಸ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಓಣಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಹೀಗಿದ್ದರೂ ಇದು ಮರುಭೂಮಿಯಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬರುವಷ್ಟು ಮಳೆ ಬರುತ್ತದೆ, ಕಪ್ಪು ನೆಲವನ್ನು ಉಬ್ಬಿಸಿ ಹೋಗುತ್ತದೆ. ಬರೀ ಬಿಸಿಲಾಗಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತೇನೋ.

ಇಂಥ ಸೀಮೆಯಲ್ಲಿ ಈ ಎರಡು ದಶಕಗಳಲ್ಲಿ ಕಣ್ಣಿಗೆ ಕಾಣುವಂತೆ ಬದಲಾದದ್ದು ಕಾಲ ಕೆಳಗಿನ ನೆಲ. 2006ರಲ್ಲಿ ಆರಂಭವಾದ ಸುವರ್ಣ ಗ್ರಾಮೋದಯ, ಸಂವಿಧಾನಕ್ಕೆ 371 ಜೆ ಕಲಂ ಸೇರಿದ ಮೇಲೆ ಬಂದ ಪ್ರದೇಶಾಭಿವೃದ್ಧಿ ಮಂಡಳಿಯ ಹಣ, ಶಾಸಕರ ನಿಧಿ, ಪಂಚಾಯಿತಿ ಅನುದಾನ ಎಲ್ಲವೂ ಸೇರಿ ಹಳ್ಳಿಯ ಕೆಸರು ಓಣಿಗಳು ಸಿಸಿ ರಸ್ತೆಗಳಾದವು. ಓಣಿ ಗಟ್ಟಿಯಾದ ಮೇಲೆ ಮನೆಯವರೂ ಸುಮ್ಮನಿರಲಿಲ್ಲ. ಗೇಟಿನಿಂದ ಬಾಗಿಲಿನವರೆಗಿನ ಅಂಗಳಕ್ಕೂ ಕಾಂಕ್ರೀಟ್ ಬಿತ್ತು. ಮಗ ಬೈಕ್ ಕೊಂಡ, ಅಣ್ಣ ಟ್ರ್ಯಾಕ್ಟರ್ ತಂದ, ನಿಲ್ಲಿಸಲು ಗಟ್ಟಿ ನೆಲ ಬೇಕಲ್ಲ!

ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಅನೇಕ ಅಂಗಳಗಳಲ್ಲಿ ನದಿಗಳ ನಕ್ಷೆಯಂಥ ಬಿರುಕು. ಕಸಬರಿಗೆ ಆಡಿಸಿದರೆ ಬೂದಿಯಂಥ ಧೂಳು. ಮೂಲೆ ಮುರಿದು ಖಡಿ ಹೊರಗೆ. ‘ಸಿಮೆಂಟ್ ಕಮ್ಮಿ ಹಾಕ್ಯಾರ’ ಎಂಬುದು ಆಗ ಎಲ್ಲರ ಬಾಯಲ್ಲಿ ಬರುವ ಮಾತು. ಕೆಲವು ಕಡೆ ಅದು ನಿಜವೂ ಇದ್ದೀತು. ಆದರೆ ಸಿಮೆಂಟ್ ಕದ್ದವರನ್ನು ಬೈಯುವ ನಾವು, ನೀರು ಕದ್ದ ಬಿಸಿಲನ್ನು ಬೈಯುವುದಿಲ್ಲ. ಈ ಸೀಮೆಯ ಕಾಂಕ್ರೀಟ್ ಬಾಳುವುದೋ ಬಿಡುವುದೋ ತೀರ್ಮಾನವಾಗುವುದು ಮುಖ್ಯವಾಗಿ ನೀರಿನ ಲೆಕ್ಕದಲ್ಲಿ. ಕಲಸುವಾಗ ಎಷ್ಟು, ಹಾಕಿದ ಮೇಲೆ ಎಷ್ಟು ದಿನ, ಅಡಿಯ ಮಣ್ಣಿನೊಳಗೆ ಎಷ್ಟು.

ರಾಯಚೂರು ಕೋಟೆಗೆ ಹೋದವರು ಅಲ್ಲಿನ ದೊಡ್ಡ ಶಾಸನಶಿಲೆಯನ್ನು ನೋಡದೆ ಬರಬಾರದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಅದನ್ನು ಗಾಡಿಯ ಮೇಲೆ ಹೇರಿ, ಉದ್ದಕ್ಕೆ ಹೂಡಿದ ಕೋಣಗಳಿಂದ ಎಳೆಸುತ್ತಿರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಗಾಲಿಗೆ ಸನ್ನೆಗೋಲು ಕೊಡುವ ಜನ, ಕೋಣಗಳನ್ನು ಹುರಿದುಂಬಿಸುವ ಜನ, ಎಲ್ಲರೂ ಇದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ಶಾಸನದ ಅಕ್ಷರಕ್ಕಿಂತ ಮೊದಲು ಈ ಚಿತ್ರ ತೋರಿಸಿ. ಆಮೇಲೆ ಒಳಗೋಡೆಯ ಹತ್ತಿರ ನಿಂತು ಕಲ್ಲು ಕಲ್ಲು ಕೂಡಿದ ಕಡೆ ಬೆರಳಾಡಿಸಿ. ಗಾರೆಯಿಲ್ಲ. ಗಚ್ಚಿಲ್ಲ. ದಪ್ಪ ಬಂಡೆಗಳನ್ನು ನಯವಾಗಿ ಕೆತ್ತಿ ಒಂದರ ಪಕ್ಕ ಒಂದು ಕೂರಿಸಿದ್ದಾರೆ ಅಷ್ಟೆ. ಏಳುನೂರು ಬೇಸಿಗೆಗಳಲ್ಲಿ ಹಗಲು ಕಾದು ರಾತ್ರಿ ತಣ್ಣಗಾದ ಗೋಡೆ ಇದು. ಕಾದಾಗ ಹಿಗ್ಗಲು, ತಣಿದಾಗ ಕುಗ್ಗಲು ಪ್ರತಿ ಸಂದಿನಲ್ಲೂ ಕೂದಲೆಳೆಯಷ್ಟು ಜಾಗವಿದೆ.

ಈಗಿನ ಓಣಿಗೆ ಬನ್ನಿ. ನೂರು ಮೀಟರ್ ಉದ್ದದ ಸಿಸಿ ರಸ್ತೆ ಎಂದಿಟ್ಟುಕೊಳ್ಳಿ. ಕಾಂಕ್ರೀಟ್ ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಚಳಿಗಾಲದ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ಹಾಸಿನ ಬಿಸಿಯಲ್ಲಿ 30 ಡಿಗ್ರಿ ವ್ಯತ್ಯಾಸ ಹಿಡಿದರೆ ನೂರು ಮೀಟರಿಗೆ 3 ಸೆಂಟಿಮೀಟರ್. ಎಂಟನೇ ತರಗತಿಯ ಹುಡುಗ ಕೂಡ ಈ ಲೆಕ್ಕ ಮಾಡಬಲ್ಲ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಕುಗ್ಗಿದ್ದು ಎಲ್ಲಿ ಬಾಯಿ ಬಿಡಬೇಕು? ನಾವು ಸಂದು ಬಿಡದಿದ್ದರೆ ಕಾಂಕ್ರೀಟ್ ತನಗೆ ತೋಚಿದ ಕಡೆ ತಾನೇ ಸಂದು ಮಾಡಿಕೊಳ್ಳುತ್ತದೆ. ಅದನ್ನೇ ನಾವು ಬಿರುಕು ಎನ್ನುತ್ತೇವೆ. ಹಳೆಯ ಶಾಲೆಗಳ ಪಡಸಾಲೆಯಲ್ಲಿ ಸಿಮೆಂಟ್ ನೆಲವನ್ನು ಚೌಕ ಚೌಕವಾಗಿ ಗಾಜಿನ ಪಟ್ಟಿ ಇಟ್ಟು ವಿಂಗಡಿಸಿರುತ್ತಿದ್ದರು. ಚೆಂದಕ್ಕೆ ಎಂದು ನಾವು ತಿಳಿದಿದ್ದ ಆ ಪಟ್ಟಿಗಳು ಇದೇ ಕೆಲಸಕ್ಕೆ ಇದ್ದವು.

ಗೌಂಡಿಗಳಿಗೆ ನೆನಪಿರುವಂಥ ಸರಳ ಲೆಕ್ಕವೊಂದಿದೆ. ಹಾಸಿನ ದಪ್ಪದ 24ರಿಂದ 30 ಪಟ್ಟು ದೂರಕ್ಕೊಂದು ಸಂದು. ನಾಲ್ಕು ಇಂಚಿನ ಹಾಸಿಗೆ ಎಂಟರಿಂದ ಹತ್ತು ಅಡಿ. ಸಂದಿನ ಆಳ ದಪ್ಪದ ಕಾಲು ಭಾಗಕ್ಕೆ ಕಡಿಮೆಯಿರಬಾರದು. ಯಂತ್ರದಿಂದ ಕೊಯ್ಯುವುದಾದರೆ ಬಿಸಿಲುಗಾಲದಲ್ಲಿ ಮರುದಿನದವರೆಗೆ ಕಾಯುವಂತಿಲ್ಲ. ಅಷ್ಟರಲ್ಲಿ ಬಿರುಕು ತನ್ನ ದಾರಿ ಹಿಡಿದಿರುತ್ತದೆ.

ದಪ್ಪದ ಬಗ್ಗೆಯೂ ಒಂದು ಮಾತು. ಬೈಕಿಗೆ ನಾಲ್ಕು ಇಂಚು ಸಾಕು. ಟ್ರ್ಯಾಕ್ಟರ್ ನಿಲ್ಲುವುದಾದರೆ ಆರು ಇಂಚು ಬೇಕು. ಹಾಸು ಬಾಗದೆ ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದೂವರೆ ಪಟ್ಟು ಸಾಮಾನಿಗೆ ಎರಡೂಕಾಲು ಪಟ್ಟು ಬಲ. ಇಷ್ಟು ಲಾಭದ ವ್ಯಾಪಾರ ಬೇರೆಲ್ಲಿ ಸಿಗುತ್ತದೆ?

ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ. ಗುಡ್ಡಗಳ ನಡುವಿನ ದೇವದುರ್ಗ ಒಂದು ಕಾಲಕ್ಕೆ ಬೇಡ ನಾಯಕರ ಗಟ್ಟಿ ನೆಲೆ. ಈಗ ಈ ತಾಲ್ಲೂಕಿನ ಹೆಸರು ಹೆಚ್ಚಾಗಿ ಕೇಳುವುದು ಗುಳೆಯ ಸುದ್ದಿಯಲ್ಲಿ. ಸುಗ್ಗಿ ಮುಗಿದೊಡನೆ ಬಸ್ಸು ಹತ್ತಿ ಬೆಂಗಳೂರಿಗೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವ ಸಂಸಾರಗಳು ಇಲ್ಲಿ ಬಹಳ. ಬೆಂಗಳೂರಿನ ಎಷ್ಟೋ ಬಹುಮಹಡಿ ಕಟ್ಟಡಗಳ ಕಾಂಕ್ರೀಟಿಗೆ ಬುಟ್ಟಿ ಹೊತ್ತವರು, ಅದರ ಮೇಲೆ ಒದ್ದೆ ತಟ್ಟು ಹೊದಿಸಿದವರು ಈ ಕಡೆಯವರು. ಅಲ್ಲಿ ಪೈಪು ಹಿಡಿದು ದಿನಗಟ್ಟಲೆ ನೀರು ಹೊಡೆದ ಕೈಗಳೇ ಊರಿಗೆ ಬಂದು ತಮ್ಮ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದಾಗ, ಮೂರನೇ ದಿನಕ್ಕೆ ನೀರು ನಿಲ್ಲಿಸುತ್ತವೆ. ಕಾರಣ ಅಜ್ಞಾನವಲ್ಲ. ಕುಡಿಯುವ ನೀರೇ ದೂರದಿಂದ ಬರುವಾಗ ನೆಲಕ್ಕೆ ಸುರಿಯಲು ಯಾವ ತಾಯಿಗೆ ಮನಸ್ಸು ಬಂದೀತು?

ಆದ್ದರಿಂದ ಆ ನೀರು ಏನು ಮಾಡುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಕೆಸರು ಒಣಗುತ್ತದೆ, ಬಟ್ಟೆ ಒಣಗುತ್ತದೆ. ಸಿಮೆಂಟ್ ಒಣಗುವುದಿಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ ಕಲ್ಲಾಗುತ್ತದೆ. ನೀರಿನೊಳಗೆ ಮುಳುಗಿಸಿಟ್ಟರೂ ಗಟ್ಟಿಯಾಗುತ್ತದೆ, ಇನ್ನೂ ಚೆನ್ನಾಗಿಯೇ. ನೀರು ತೀರಿಹೋದ ದಿನ ಆ ಕ್ರಿಯೆ ನಿಲ್ಲುತ್ತದೆ. ಮೇಲ್ಪದರದ ಒಂದಷ್ಟು ಸಿಮೆಂಟ್ ಪುಡಿಯಾಗಿಯೇ ಉಳಿಯುತ್ತದೆ. ಕಸಬರಿಗೆಗೆ ಹತ್ತುವ ಧೂಳು ಅದು. ದುಡ್ಡು ಕೊಟ್ಟು ತಂದ ಸಿಮೆಂಟನ್ನು ನಾವೇ ಗುಡಿಸಿ ಚೆಲ್ಲುತ್ತೇವೆ.

ಕಲಸುವಾಗ ಮಾತ್ರ ಇದೇ ನೀರು ಶತ್ರು. 50 ಕಿಲೋ ಚೀಲಕ್ಕೆ 25 ಲೀಟರ್ ಒಳ್ಳೆಯ ಅಳತೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಲಸಿದ್ದು ಬಿಗಿದುಕೊಳ್ಳುತ್ತದೆ, ಸಲಿಕೆಗೆ ಬರುವುದಿಲ್ಲ. ಆಗ ‘ಇನ್ನೊಂದು ಕೊಡ ಹಾಕು’ ಎಂಬ ಕೂಗು ಎದ್ದೇಳುತ್ತದೆ. ಆ 15 ಲೀಟರಿನ ಕೊಡ ಬಿದ್ದರೆ ಕಾಂಕ್ರೀಟಿನ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೆಚ್ಚಿನ ನೀರು ಆಮೇಲೆ ಆವಿಯಾಗಿ, ತಾನಿದ್ದ ಜಾಗದಲ್ಲಿ ತೂತು ಬಿಟ್ಟು ಹೋಗುತ್ತದೆ. ಅಮೆರಿಕದ ಡಫ್ ಏಬ್ರಾಮ್ಸ್ 1918ರಲ್ಲೇ ಈ ನಿಯಮವನ್ನು ಪ್ರಕಟಿಸಿದ. ಶತಮಾನ ಕಳೆದರೂ ನಮ್ಮ ಓಣಿಗೆ ಅದು ಬಂದು ತಲುಪಿಲ್ಲ. ಮೇಲೆ ತೇಲಿದ ನೀರನ್ನು ಹೀರಲು ಒಣ ಸಿಮೆಂಟ್ ಎರಚಿ ಕರಣೆಯಿಂದ ನುಣುಪು ಮಾಡುವುದು ಇನ್ನೊಂದು ಅಭ್ಯಾಸ. ಆ ದಿನ ಕನ್ನಡಿಯಂತೆ ಹೊಳೆಯುತ್ತದೆ, ವರ್ಷದೊಳಗೆ ಹಪ್ಪಳದಂತೆ ಏಳುತ್ತದೆ.

ನಮ್ಮ ದೇಶದ ಮಾನಕ ಸಂಸ್ಥೆ ಬಿಸಿ ಹವೆಯ ಕಾಂಕ್ರೀಟ್ ಕೆಲಸಕ್ಕೆ 1975ರಲ್ಲೇ ಪ್ರತ್ಯೇಕ ಸಂಹಿತೆ ಹೊರಡಿಸಿದೆ. ಗಾಳಿಯ ಬಿಸಿ 40 ಡಿಗ್ರಿ ಮೀರಿದರೆ ಅದು ಅನ್ವಯ. ಅಂದರೆ ರಾಯಚೂರು ಜಿಲ್ಲೆಯ ಬೇಸಿಗೆಗೆಂದೇ ಬರೆದಂತಿದೆ. ಕಾಂಕ್ರೀಟ್ ಹಾಕುವಾಗ ಅದರ ಬಿಸಿಯೂ 40 ಡಿಗ್ರಿ ಮೀರಬಾರದು. ಅದಕ್ಕೆ ಯಂತ್ರ ಬೇಕಿಲ್ಲ. ಖಡಿಯ ರಾಶಿಯನ್ನು ಬೇವಿನ ಮರದ ನೆರಳಿಗೆ ಹಾಕಿಸಿ ನೀರು ಚಿಮುಕಿಸಿ. ಬಿಸಿಲಲ್ಲಿ ಕಾದ ಡ್ರಮ್ಮಿನ ನೀರು ಬೇಡ, ನೆರಳಿನ ತೊಟ್ಟಿಯದು ಬಳಸಿ. ಅಡಿಯ ನೆಲವನ್ನು ಮೊದಲೇ ತೋಯಿಸಿ, ಆದರೆ ನೀರು ನಿಲ್ಲಿಸಬೇಡಿ. ಕೆಲಸವನ್ನು ಸಂಜೆ ಐದರ ಮೇಲೆ ಶುರು ಮಾಡಿ, ಇಲ್ಲವೇ ನಸುಕಿನಲ್ಲಿ ಮುಗಿಸಿ. ದುಬೈನ ಬುರ್ಜ್ ಖಲೀಫಾ ಕಟ್ಟುವಾಗ ಬೇಸಿಗೆಯಲ್ಲಿ ಕಾಂಕ್ರೀಟಿಗೆ ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ಹಾಕುತ್ತಿದ್ದರು. ಅಮೆರಿಕದ ಮರುಭೂಮಿಯಲ್ಲಿ 1930ರ ದಶಕದಲ್ಲಿ ಎದ್ದ ಹೂವರ್ ಅಣೆಕಟ್ಟೆಯ ಹೊಟ್ಟೆಯೊಳಗೆ ತಣ್ಣೀರು ಹರಿಸಲು ನೂರಾರು ಮೈಲಿ ಪೈಪು ಹೂತಿದ್ದಾರೆ. ನಮ್ಮ ಅಂಗಳಕ್ಕೆ ಬೇಕಾದದ್ದು ಒಂದು ಬೇವಿನ ಮರ, ಒಂದು ಸಂಜೆ.

ಇನ್ನು ನೀರುಣಿಸುವ ದಿನಗಳು. ಐಎಸ್ 456 ಎಂಬ ನಮ್ಮ ಮುಖ್ಯ ಸಂಹಿತೆ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನ ಕಡೆ ಕನಿಷ್ಠ 10 ದಿನ ಎನ್ನುತ್ತದೆ. ಬೂದಿ ಬೆರೆತ ಸಿಮೆಂಟಾದರೆ 14 ದಿನಕ್ಕೆ ಏರಿಸುವುದು ಒಳ್ಳೆಯದೆಂದು ಸಲಹೆ ಕೊಡುತ್ತದೆ. ಬೂದಿಯ ಮಾತು ರಾಯಚೂರಿನವರಿಗೆ ಹೊಸದಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವಾಟ್. ಸುಟ್ಟ ಕಲ್ಲಿದ್ದಲಿನ ಹಾರುಬೂದಿಯನ್ನು ಸಿಮೆಂಟ್ ಕಾರ್ಖಾನೆಗಳು ಬಳಸುತ್ತವೆ. ಚೀಲದ ಮೇಲೆ ಪಿಪಿಸಿ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಇಂಥ ಬೂದಿ ಇರುತ್ತದೆ. ಇದು ಕಲಬೆರಕೆಯಲ್ಲ. ಬೂದಿ ಸಿಮೆಂಟಿನೊಳಗಿನ ಸುಣ್ಣದೊಡನೆ ನಿಧಾನವಾಗಿ ಕೂಡಿ ತೂತುಗಳನ್ನು ತುಂಬುತ್ತದೆ, ಬಿಸಿಯೂ ಕಡಿಮೆ ಹುಟ್ಟುತ್ತದೆ. ಬಿಸಿಲಿನ ಸೀಮೆಗೆ ಹೇಳಿ ಮಾಡಿಸಿದ ಸಿಮೆಂಟ್. ಆದರೆ ಅದರದು ಎತ್ತಿನ ನಡೆ. ಹದಿನಾಲ್ಕು ದಿನ ಹಸಿ ಇಟ್ಟವರಿಗೆ ಮಾತ್ರ ಅದರ ಗುಣ ಸಿಗುತ್ತದೆ. ‘ಹಿಂದಿನ ಸಿಮೆಂಟಿನಂಗ ಈಗಿಂದಿಲ್ಲ’ ಎಂದು ಗೊಣಗುವ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ: ಸಿಮೆಂಟ್ ಬದಲಾಗಿದೆ, ನಮ್ಮ ಮೂರು ದಿನದ ರೂಢಿ ಬದಲಾಗಿಲ್ಲ.

ಎಷ್ಟು ನೀರು ಬೇಕು? ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಅಂಗಳದ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದಿರಿ ಎನ್ನಿ. ದಿನಕ್ಕೆ ಒಂದು ಸೆಂಟಿಮೀಟರ್ ಆವಿಯಾದರೆ ಸುಮಾರು 186 ಲೀಟರ್, ಅಂದರೆ ಹನ್ನೆರಡು ಕೊಡ ಹೋಯಿತು. ಹದಿನಾಲ್ಕು ದಿನಕ್ಕೆ 170 ಕೊಡದಷ್ಟು. ಕೊಳಾಯಿ ಮೂರು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಇದು ಆಗದ ಮಾತು. ಅದಕ್ಕೇ ಬದು ಕಟ್ಟುವ ಬದಲು ಹಳೆಯ ಗೋಣಿತಟ್ಟು ತೋಯಿಸಿ ಹಾಸಿ, ಅದರ ಮೇಲೆ ಗೊಬ್ಬರದ ಚೀಲ ಬಿಚ್ಚಿದ ಪ್ಲಾಸ್ಟಿಕ್ಕೋ ತಾಡಪತ್ರಿಯೋ ಹೊದಿಸಿ, ಅಂಚಿಗೆ ಕಲ್ಲಿಡಬೇಕು. ಆವಿ ಹೊರಹೋಗದೆ ಅಲ್ಲೇ ಹನಿಯಾಗಿ ಬೀಳುತ್ತದೆ. ಆಗ ಆ ಹನ್ನೆರಡು ಕೊಡದಲ್ಲಿ ಸಣ್ಣ ಪಾಲು ಸಾಕು. ಬೆಳಿಗ್ಗೆ ಮತ್ತು ಸಂಜೆ ಮೂಲೆ ಎತ್ತಿ ತಟ್ಟು ಮುಟ್ಟಿ ನೋಡುವುದು ಮನೆಯ ಮಕ್ಕಳ ಪಾಲಿಗಿರಲಿ. ಬೇಸಿಗೆ ರಜೆ ಹೇಗೂ ಇರುತ್ತದಲ್ಲ.

ದೇವದುರ್ಗದ ಗರಸು ನೆಲದಲ್ಲಿ ಇಷ್ಟು ಮಾಡಿದರೆ ಅಂಗಳ ನಿಲ್ಲುತ್ತದೆ. ಮಾನ್ವಿಯ ಕಥೆ ಬೇರೆ.

ಕಲ್ಲೂರು ದಾಟಿ ಮಾನ್ವಿ ಹತ್ತಿರವಾಗುತ್ತಿದ್ದಂತೆ ಎರೆ ಭೂಮಿ ಎರಡೂ ಕಡೆ ಹರಡಿಕೊಳ್ಳುತ್ತದೆ. ಮಾನ್ವಿ ಎಂದರೆ ದಾಸಸಾಹಿತ್ಯ ಬಲ್ಲವರಿಗೆ ಜಗನ್ನಾಥದಾಸರ ಊರು. ಈಗಿನವರಿಗೆ ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇಲ್ಲಿನ ಎರೆಯನ್ನು ಗದ್ದೆ ಮಾಡಿತು. ಎರೆ ಮಣ್ಣು ಬೆಳೆಗೆ ತಾಯಿ, ಕಟ್ಟಡಕ್ಕೆ ಮಲತಾಯಿ. ಅದರೊಳಗಿನ ಜೇಡಿ ಹಾಳೆ ಹಾಳೆಯಾಗಿದ್ದು, ಹಾಳೆಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ಸೆಳೆತು ಕೈ ಹೋಗುವಷ್ಟು ಬಿರಿಯುತ್ತದೆ. ನೀರೆರೆದ ಗದ್ದೆ ಒಂದು ಪಕ್ಕ, ಒಣ ಓಣಿ ಇನ್ನೊಂದು ಪಕ್ಕ ಇದ್ದರಂತೂ ಹಾಸಿನ ಒಂದು ಅಂಚು ಮೇಲೆದ್ದು ಇನ್ನೊಂದು ಅಂಚು ಕೆಳಗಿಳಿಯುತ್ತದೆ. ಮೇಲಿನ ಕಾಂಕ್ರೀಟ್ ಎಷ್ಟೇ ಚೊಕ್ಕವಾಗಿರಲಿ, ಅಡಿಯ ನೆಲವೇ ಉಸಿರಾಡುತ್ತಿದ್ದರೆ ಒಡೆಯದೆ ಏನು ಮಾಡೀತು?

ಇದಕ್ಕೆ ಉಪಾಯ ನಮ್ಮ ಹಿರಿಯರಿಗೂ ಗೊತ್ತಿತ್ತು. ಎರೆಯನ್ನು ಒಂದು, ಒಂದೂವರೆ ಅಡಿ ತೆಗೆದು ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡುವುದು. ಗರಸು ಸಿಗದ ಕಡೆ ಎರೆಗೆ ಸುಣ್ಣ ಬೆರೆಸಿ ಬಡಿದರೂ ಅದರ ಉಬ್ಬುವ ಸ್ವಭಾವ ತಗ್ಗುತ್ತದೆ. ಇವಕ್ಕಿಂತ ಮುಖ್ಯ, ಹಾಸಿನ ಅಂಚಿಗೆ ಬಚ್ಚಲ ನೀರು ನಿಲ್ಲದಂತೆ ಚರಂಡಿ ಮತ್ತು ಬಾಗಿಲಿನಿಂದ ಹೊರಕ್ಕೆ ಇಳುಕಲು. ನಮ್ಮ ಅಂದಾಜುಪಟ್ಟಿಗಳಲ್ಲಿ ಚರಂಡಿ ಯಾವಾಗಲೂ ಮುಂದಿನ ವರ್ಷದ ಕೆಲಸ. ರಸ್ತೆ ಮೊದಲು, ಚರಂಡಿ ಆಮೇಲೆ, ಪೈಪು ಎಲ್ಲಕ್ಕೂ ಕೊನೆಗೆ! 2019ರಲ್ಲಿ ಜಲ ಜೀವನ ಮಿಷನ್ ಬಂದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಹೊಸ ಸಿಸಿ ರಸ್ತೆಯ ನಡುವೆ ಕೊಯ್ದು ಕೊಳಾಯಿ ಹೂಳಬೇಕಾಯಿತು. ತೇಪೆ ಹಾಕಿದ ಪಟ್ಟಿ ಕುಸಿದು, ಸೈಕಲ್ ಗಾಲಿ ಸಿಕ್ಕುವಷ್ಟು ಗಾಡಿಜಾಡು ಬಿದ್ದಿದೆ. ಹಳೆಯ ಮನೆಗಳ ಶಹಾಬಾದ್ ಫರಸಿಗೆ ಈ ಕಷ್ಟವಿರಲಿಲ್ಲ. ಕಲ್ಲು ಎಬ್ಬಿಸಿ, ಪೈಪು ಹಾಕಿ, ಮತ್ತೆ ಕೂರಿಸಿದರೆ ಆಯಿತು. ಬೈಕಷ್ಟೇ ನಿಲ್ಲುವ ಅಂಗಳಕ್ಕೆ ದಪ್ಪ ಫರಸಿ ಈಗಲೂ ಒಳ್ಳೆಯ ಆಯ್ಕೆ ಎಂದೇ ನನ್ನ ಎಣಿಕೆ. ಮರದ ಬುಡಕ್ಕಂತೂ ಕಾಂಕ್ರೀಟ್ ಬೇಡವೇ ಬೇಡ. ಹಗಲೆಲ್ಲ ಕಾದ ಹಾಸು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಅಂಗಳದಲ್ಲಿ ಮಲಗುವ ಅಜ್ಜಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಕಾಂಕ್ರೀಟ್ ಸರಿಯಾಗಿ ಹಾಕಿದರೆ ಎಷ್ಟು ಕಾಲ ಬಾಳೀತು ಎಂದು ಕೇಳುವವರು ಅಮೆರಿಕದ ಓಹಿಯೋ ರಾಜ್ಯದ ಬೆಲ್‌ಫೌಂಟನ್ ಎಂಬ ಊರಿನ ಹೆಸರು ನೆನಪಿಟ್ಟುಕೊಳ್ಳಬಹುದು. ಅಲ್ಲಿ 1890ರ ದಶಕದಲ್ಲಿ ಹಾಕಿದ ಕಾಂಕ್ರೀಟ್ ಇಂದಿಗೂ ಉಳಿದಿದೆ. ಅಲ್ಲಿಯ ಹವೆ ಬೇರೆ, ಒಪ್ಪಿದೆ. ನಮ್ಮ ಸಿಮೆಂಟಿಗೆ ದೂರವೇನೂ ಹೋಗಬೇಕಿಲ್ಲ. ನಿಜಾಮರ ಆಳ್ವಿಕೆಯ ಕಾಲಕ್ಕೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಇತ್ತು. 1936ರಲ್ಲಿ ಎಸಿಸಿಯಾಗಿ ಒಂದುಗೂಡಿದ ಕಂಪನಿಗಳಲ್ಲಿ ಅದೂ ಒಂದು. ಈಗ ಅದೇ ರೈಲುದಾರಿಯ ವಾಡಿ ಸಿಮೆಂಟಿಗೆ ಹೆಸರಾದ ಊರು. ಸಿಮೆಂಟ್, ಬೂದಿ, ಖಡಿ, ಹೊಳೆಯ ಉಸುಕು ಎಲ್ಲ ಮಗ್ಗುಲಲ್ಲೇ ಇರುವ ಸೀಮೆಯಲ್ಲಿ ಕೊರತೆಯೆಂದರೆ ನೀರಿನದು, ಅದೂ ಕೆಲಸ ನಡೆಯುವ ತಿಂಗಳುಗಳಲ್ಲೇ. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನೊಳಗೆ ಬಿಲ್ ಆಗಬೇಕೆಂದು ಓಣಿಯ ಕೆಲಸಗಳು ಬೇಸಿಗೆಯ ಬಾಯಿಗೆ ಬೀಳುತ್ತವೆ. ಹೊಲದ ಕೆಲಸ ಮುಗಿದ ಏಪ್ರಿಲ್, ಮೇನಲ್ಲಿ ಮನೆಯ ಕೆಲಸಗಳು. ಆ ಹೊತ್ತಿಗೆ ಕಾಲುವೆ ಬಂದ್. ದೀಪಾವಳಿಯ ನಂತರ, ಕಾಲುವೆಯಲ್ಲಿ ನೀರಿರುವಾಗ, ಗಾಳಿ ತಣ್ಣಗಿರುವಾಗ ಅಂಗಳದ ಕೆಲಸ ಇಟ್ಟುಕೊಂಡರೆ ಅರ್ಧ ತೊಂದರೆ ತಾನೇ ತಪ್ಪುತ್ತದೆ. ಓಣಿಯ ಕೆಲಸವಾದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕಾದ ಪ್ರಶ್ನೆ ಒಂದಿದೆ: ನೀರುಣಿಸುವ ಟ್ಯಾಂಕರಿನ ಖರ್ಚು ಅಂದಾಜುಪಟ್ಟಿಯಲ್ಲಿದೆಯೇ, ಎಷ್ಟು ದಿನಕ್ಕೆ? ಎಷ್ಟು ಚೀಲ ಸಿಮೆಂಟ್ ಎಂದು ಎಲ್ಲರೂ ಕೇಳುತ್ತಾರೆ. ಇದನ್ನು ಕೇಳಿದವರು ಕಡಿಮೆ.

ಶಾಲೆಯ ಮಕ್ಕಳು ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ಸಿಮೆಂಟ್ ಕೈಯ ಚರ್ಮ ಸುಡುತ್ತದೆ, ಆದ್ದರಿಂದ ದೊಡ್ಡವರು ಜೊತೆಗಿರಲಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಒಂದು ಲೋಟ ಸಿಮೆಂಟಿಗೆ ಮೂರು ಲೋಟ ಉಸುಕು ಬೆರೆಸಿ, ಉಂಡೆ ಕಟ್ಟಲು ಬರುವಷ್ಟೇ ನೀರು ಹಾಕಿ ಕಲಸಿ. ಎರಡು ಹಳೆಯ ಡಬ್ಬಿಗಳಿಗೆ ಸಮನಾಗಿ ತುಂಬಿ ಒತ್ತಿ. ಮರುದಿನ ಎರಡನ್ನೂ ಬಿಡಿಸಿ ತೆಗೆಯಿರಿ. ಒಂದನ್ನು ಒದ್ದೆ ತಟ್ಟಿನಲ್ಲಿ ಸುತ್ತಿ ನೆರಳಿನಲ್ಲಿಟ್ಟು, ತಟ್ಟು ಒಣಗದಂತೆ ನೋಡಿಕೊಳ್ಳಿ. ಇನ್ನೊಂದನ್ನು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಬಿಟ್ಟುಬಿಡಿ. ಹದಿನೈದನೆಯ ದಿನ ಎರಡನ್ನೂ ಅಪ್ಪ, ಅಮ್ಮನ ಮುಂದಿಟ್ಟು ಒಂದೇ ಮೊಳೆಯಿಂದ ಗೀರಿ, ಯಾವುದರಿಂದ ಎಷ್ಟು ಪುಡಿ ಉದುರುತ್ತದೆ ನೋಡಿ.